ತಾಳಿಯ ಹೊತ್ತಿನಲ್ಲಿ ಹಾಕಿದ ಕ್ಯಾಸೆಟ್ಟು

ತೊಂಬತ್ತರ ದಶಕದಲ್ಲಿ ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡ್ ಹತ್ತಿರ ಒಬ್ಬ ಹಳೇ ಕ್ಯಾಸೆಟ್ಟುಗಳನ್ನು ಗೋಣಿಚೀಲದ ಮೇಲೆ ಹರಡಿಕೊಂಡು ಮಾರುತ್ತಿದ್ದ. ಅಲ್ಲಿ ನಾನು ಕೊಂಡ ಒಂದರ ಮೇಲೆ, ಕಣ್ಣು ಮುಚ್ಚಿ ಸ್ಯಾಕ್ಸೋಫೋನ್ ಊದುತ್ತಿದ್ದ ವಿದೇಶಿ ವಾದಕನ ಚಿತ್ರವಿತ್ತು. ನಮ್ಮ ಕಡೆ ಮದುವೆಗಳಿಗೆ ಸ್ಯಾಕ್ಸೋಫೋನ್ ಊದಿಸುವುದು ಆಗ ಜೋರಾಗಿತ್ತು. ಇದೂ ಮಂಗಳವಾದ್ಯವೇ ಇರಬೇಕೆಂದು ಮನೆಗೆ ತಂದೆ.

ಪಾಂಡವಪುರದಲ್ಲಿ ನಮ್ಮದು ಅಕ್ಕಸಾಲೆ ಅಂಗಡಿ. ಅಲ್ಲಿ ಹಾಕಿ ಕೇಳಿದರೆ, ಅಯ್ಯೋ, ಎಲ್ಲಿಯ ಮಂಗಳವಾದ್ಯ! ಮೊದಲು ಗೆಜ್ಜೆಯ ಸದ್ದು, ಆಮೇಲೆ ನಾಲ್ಕಾರು ಗಂಡಸರು ಒಂದೇ ಮಾತನ್ನು ಜಪದ ಹಾಗೆ ಹೇಳುತ್ತಾರೆ, ಅದರ ಮೇಲೆ ಆ ವಾದ್ಯ ದೇವರನ್ನು ಕೂಗಿ ಕೂಗಿ ಕರೆಯುತ್ತದೆ. ಇದಕ್ಕೆ ಜಾಝ್ ಎನ್ನುತ್ತಾರೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಹುಚ್ಚು ಮಾತ್ರ ಅವತ್ತೇ ಹಿಡಿಯಿತು. ದಿನಾ ಅದೇ ಕ್ಯಾಸೆಟ್ಟು.

"ಇದೇನ್ಲಾ ಇವ್ನು ಇಂಗೆ ಬಡ್ಕೋತಾನೆ?" ಎಂದು ಬೈಯುತ್ತಿದ್ದ ಅಪ್ಪ ಒಂದು ದಿನ ಊದುಗೊಳವೆ ಕೆಳಗಿಟ್ಟು ಕಿವಿಗೊಟ್ಟರು. ಬೆಸುಗೆ ಹಾಕುವಾಗ ಉರಿ ತಗ್ಗದಂತೆ, ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು ಊದುತ್ತಲೇ ಮೂಗಿನಲ್ಲಿ ಉಸಿರೆಳೆಯುವುದು ನಮ್ಮ ಕಸುಬಿನ ಮೊದಲ ಪಾಠ.

"ಲೇ, ಇವ್ನೂ ನಮ್ಮಂಗೇ ಊದ್ತಾವ್ನೆ ಕಣ್ಲಾ. ಉಸ್ರು ಕಡೀತಾನೇ ಇಲ್ಲ," ಎಂದರು. ಆಮೇಲೆ ನಾನು ಮರೆತರೂ ಅವರೇ "ಆಕ್ಲಾ ಅದ್ನ" ಅನ್ನುತ್ತಿದ್ದರು.

ಕ್ಯಾತನಹಳ್ಳಿಯ ಒಕ್ಕಲು ಮನೆಯವರು ತಾಳಿ ಮಾಡಿಸಲು ಬಂದ ದಿನ ನನ್ನ ತಲೆ ಕೆಟ್ಟಿತು. ತಾಳಿಯ ಚಿನ್ನ ಕರಗಿಸುವುದೆಂದರೆ ನಮ್ಮಲ್ಲಿ ಅರ್ಧ ಮದುವೆ. ಅಗ್ಗಿಷ್ಟಿಕೆಗೆ ಪೂಜೆಯಾಗಬೇಕು, ಮುತ್ತೈದೆಯರು ಸುತ್ತ ಕೂರಬೇಕು, ಅಳುವ ಸದ್ದಿರಲಿ, ಸೀನು ಕೂಡ ಬೀಳುವಂತಿಲ್ಲ.

"ಒಸಿ ವಾದ್ಯ ಆಕಪ್ಪ," ಎಂದರು ಗಂಡಿನ ಅಜ್ಜಿ. ಓಲಗದ ಕ್ಯಾಸೆಟ್ಟು ಪಕ್ಕದಲ್ಲೇ ಇತ್ತು. ಅಪ್ಪ ಅದನ್ನೇ ಹಾಕೆಂದು ಕಣ್ಸನ್ನೆಯನ್ನೂ ಮಾಡಿದರು. ಇವರೂ ಒಂದು ಸಲ ಕೇಳಲಿ ಎಂಬ ಕೊಬ್ಬು ನನಗೆ. ನನ್ನದನ್ನೇ ಹಾಕಿದೆ.

ಚಿನ್ನ ಇನ್ನೇನು ಕರಗಬೇಕು, ವಾದ್ಯ ಕಿರುಚಿತು. ಅಜ್ಜಿ ಎದ್ದು ನಿಂತರು. "ಥೂ! ತಾಳಿ ಒತ್ನಲ್ಲಿ ಯಾರೋ ಎದೆ ಬಡ್ಕೊಂಡು ಅಳ್ತಾವ್ರಲ್ಲಾ! ಇದ್ನ ಯಾಕ್ಲಾ ಆಕ್ದೆ?"

ನಾನು ಗಡಬಡಿಸಿ ಟೇಪು ನಿಲ್ಲಿಸಿದೆ.

"ನಾನೇ ಆಕು ಅಂದಿದ್ದು ಕಣವ್ವ. ತಪ್ಪಾಯ್ತು," ಎಂದರು ಅಪ್ಪ, ಕೈಮುಗಿದು.

ಅವರು ಚಿನ್ನ ವಾಪಸು ತೆಗೆದುಕೊಂಡು ಹೋದರು. ಸುದ್ದಿ ಊರೂರು ತಿರುಗಿತು. ಮೂವತ್ತು ವರ್ಷ ತಾಳಿ ಮಾಡಿದ ಅಪ್ಪನ ಹತ್ತಿರ ಆಮೇಲೆ ಒಬ್ಬರೂ ತಾಳಿ ಮಾಡಿಸಲಿಲ್ಲ. ಉಂಗುರ, ಮೂಗುಬೊಟ್ಟಿನ ರಿಪೇರಿಯಲ್ಲೇ ಕಾಲ ತಳ್ಳಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಪ್ಪ ಹೋಗಿ ವರ್ಷಗಳಾದವು. ಹೋದ ತಿಂಗಳು ಕ್ಯಾತನಹಳ್ಳಿಯವರೊಬ್ಬರು ಸಿಕ್ಕಿದ್ದರು. "ನಿಮ್ಮಪ್ಪ ಒಳ್ಳೆ ಕೆಲ್ಸಗಾರ್ರು ಕಣಪ್ಪ. ಆವತ್ತೊಂದಿನ ಅದ್ಯಾಕಂಗೆ ಬುದ್ಧಿ ಕೆಟ್ಟಿತ್ತೋ," ಎಂದರು.

"ಊಂ," ಎಂದೆ.