ನಿಘಂಟು ಮತ್ತು ಕಫದ ಡಬ್ಬಿ

ಮೊದಲ ಕೆಮ್ಮು ಯಾವತ್ತು ಬಂತೆಂದು ನನಗೆ ಗೊತ್ತಿಲ್ಲ. ಬ್ಯಾಡಗಿಯಲ್ಲಿ ಅದು ಯಾರಿಗೂ ಗೊತ್ತಾಗುವುದಿಲ್ಲ. ಸಂಕ್ರಾಂತಿ ಕಳೆದು ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಬಂದು ಬೀಳತೊಡಗಿದರೆ ಊರಿಗೆ ಊರೇ ಕೆಮ್ಮುತ್ತದೆ. ಹಮಾಲರು ಕೆಮ್ಮುತ್ತಾರೆ. ತೊಟ್ಟು ಬಿಡಿಸುವ ಹೆಂಗಸರು ಸೆರಗು ಬಾಯಿಗಿಟ್ಟು ಕೆಮ್ಮುತ್ತಾರೆ. ಬ್ಯಾಂಕಿಗೆ ಹೊಸದಾಗಿ ಬಂದ ಮ್ಯಾನೇಜರು ಮೊದಲ ವಾರವೇ ಕಣ್ಣು ಕೆಂಪಗೆ ಮಾಡಿಕೊಂಡು ವರ್ಗಾವಣೆಯ ಮಾತಾಡುತ್ತಾರೆ. ನಾವು ನಗುತ್ತೇವೆ. ಇದಕ್ಕೆ ನಮ್ಮಲ್ಲಿ ಘಾಟು ಎನ್ನುತ್ತಾರೆ. ಘಾಟಿಗೆ ಯಾರೂ ದವಾಖಾನೆಗೆ ಹೋಗುವುದಿಲ್ಲ.

ನನ್ನ ಗಂಡನದು ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ. ಅವರ ಅಂಗಿಯ ಜೊತೆಗೇ ದಿನಾ ಸಂಜೆ ಮನೆಗೆ ಖಾರದ ಧೂಳು ಬರುತ್ತದೆ. ನಾನು ಊರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಎರಡು ತಿಂಗಳಾದರೂ ಕೆಮ್ಮು ಹೋಗದಿದ್ದಾಗ ಅವರು ಘಾಟು ಎಂದರು. ಅತ್ತೆ ಘಾಟು ಎಂದರು. ಸಿರಪ್ ಬರೆದುಕೊಟ್ಟ ಡಾಕ್ಟರೂ ಘಾಟು ಎಂದರು. ನಾನೂ ಅದನ್ನೇ ನಂಬಿದೆ, ಇವತ್ತಿಗೂ ನನಗೆ ನನ್ನ ಮೇಲೆ ಸಿಟ್ಟು ಬರುವುದು ಅದಕ್ಕೇ. ಸಂಜೆಯಾದರೆ ಸಣ್ಣ ಜ್ವರ. ಊಟ ಸೇರದು. ರವಿಕೆಗಳೆಲ್ಲ ಸಡಿಲ. ಸ್ಟಾಫ್ ರೂಮಿನಲ್ಲಿ ಗೆಳತಿಯರು, ತೂಕ ಇಳಿಸುವುದು ಹೇಗೆಂದು ನಮಗೂ ಹೇಳಿಕೊಡು ಎಂದು ಕಾಡುತ್ತಿದ್ದರು.

ಒಂದು ದಿನ ಒಂಬತ್ತನೇ ತರಗತಿಗೆ ಸಮಾಸ ಪಾಠ ಮಾಡುವಾಗ ಕೆಮ್ಮು ಒತ್ತಿಕೊಂಡು ಬಂತು. ಹಲಗೆಯ ಕಡೆ ತಿರುಗಿ ಕರವಸ್ತ್ರ ಹಿಡಿದೆ.

ರಕ್ತ.

ಹಾವೇರಿಯ ಆಸ್ಪತ್ರೆಯಲ್ಲಿ ಸಣ್ಣದೊಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು, ಬೆಳಿಗ್ಗೆ ಎದ್ದ ತಕ್ಷಣದ ಕಫ ತರಲು ಹೇಳಿದರು. ಎಕ್ಸ್-ರೇ ಆಯಿತು. ರಿಪೋರ್ಟ್ ಬಂದ ದಿನ ಡಾಕ್ಟರಮ್ಮ, ನನಗಿಂತ ಸಣ್ಣವಳು, ಕುರ್ಚಿ ಹತ್ತಿರ ಎಳೆದುಕೊಂಡು ಕೂತಳು. ಟಿಬಿ ಎಂದಳು. ಆರು ತಿಂಗಳು ತಪ್ಪದೆ ಗುಳಿಗೆ ತೆಗೆದುಕೊಂಡರೆ ಪೂರ್ತಿ ಗುಣವಾಗುತ್ತದೆ, ಕೆಲವು ವಾರ ಕಳೆದರೆ ಇನ್ನೊಬ್ಬರಿಗೆ ಹರಡುವ ಭಯವೂ ಹೋಗುತ್ತದೆ ಎಂದಳು. ಆಮೇಲೆ ಮನೆಯಲ್ಲಿ ಯಾರ್ಯಾರಿದ್ದಾರೆಂದು ಕೇಳಿದಳು. ಐದು ವರ್ಷದ ಮಗಳಿದ್ದಾಳೆ, ಪಲ್ಲವಿ, ಎಂದೆ.

"ಅಕಿನ್ನ ಈ ವಾರದಾಗ ಕರ್ಕೊಂಡು ಬರ್ರಿ," ಎಂದು ನನ್ನ ಗಂಡನ ಕಡೆ ನೋಡಿದಳು. "ಸಣ್ಣ ಮಕ್ಕಳ್ನ ಮೊದಲು ನೋಡಬೇಕ್ರಿ. ಮರೀಬ್ಯಾಡ್ರಿ."

ಅವರು ತಲೆ ಆಡಿಸಿದರು. ಆಡಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮರುದಿನ ನಾನು ಗುಳಿಗೆ ಕೇಂದ್ರಕ್ಕೆ ಹೋಗಿ ಬರುವಷ್ಟರಲ್ಲಿ ಪಲ್ಲವಿ ಮನೆಯಲ್ಲಿರಲಿಲ್ಲ. ಗಂಡನ ಅಕ್ಕನ ಮನೆ ಕುಪ್ಪೇಲೂರಿನಲ್ಲಿದೆ. ಅಲ್ಲಿಗೆ ಕಳಿಸಿದ್ದರು. ಅವಳ ಎರಡು ಫ್ರಾಕು, ಹಾಲಿನ ಲೋಟ, ಗೊಂಬೆ, ಎಲ್ಲ ಹೋಗಿದ್ದವು. ನನಗೆ ಮಾಳಿಗೆಯ ಕೋಣೆ ಗೊತ್ತುಮಾಡಿದರು. ಗುಳಿಗೆ ಕೇಂದ್ರಕ್ಕೆ ಹೋಗುವ ದಿನ ಮಾತ್ರ ಮುಖಕ್ಕೆ ಸೆರಗು ಮುಚ್ಚಿಕೊಂಡು ಹಿತ್ತಿಲ ಬಾಗಿಲಿನಿಂದ ಹೋಗಿ ನೇರ ಕೋಣೆಗೆ ಮರಳಬೇಕಿತ್ತು. ನನ್ನ ತಟ್ಟೆಯ ಅಂಚಿಗೆ ಮೊಳೆಯಿಂದ ಗೀರಿ ಗುರುತು ಮಾಡಿದರು. ಅತ್ತೆ ಊಟ ತಂದು ಹೊಸ್ತಿಲ ಹೊರಗಿಟ್ಟು, ಎರಡು ಮೆಟ್ಟಿಲು ಇಳಿದು ಆಮೇಲೆ ನನ್ನನ್ನು ಕೂಗುತ್ತಿದ್ದರು. ಬಂಧುಗಳಿಗೆ ನನಗೆ ಟೈಫಾಯಿಡ್ ಎಂದು ಹೇಳಲಾಯಿತು. ಶಾಲೆಗೂ ಅದೇ ಹೇಳಿ ರಜೆ ಹಾಕಿಸಿದರು. ಯಾವುದಕ್ಕೂ ನನ್ನನ್ನು ಕೇಳಲಿಲ್ಲ. ಎಲ್ಲಾ ನಿನ್ನ ಕಾಳಜಿಗೇ ಎಂದರು.

ಕೋಣೆಗೆ ನನ್ನ ಜೊತೆ ಬಂದದ್ದು ನಿಘಂಟುಗಳು ಮಾತ್ರ. ದಪ್ಪ ಕನ್ನಡ ನಿಘಂಟು, ಕಾಲೇಜಿನ ಕಾಲದ ಸಂಸ್ಕೃತ ಧಾತುಕೋಶ, ರಟ್ಟು ಕಿತ್ತುಹೋದ ಇಂಗ್ಲಿಷ್ ಡಿಕ್ಷನರಿ. ಬೇರೆ ಯಾರಿಗೂ ಬೇಡವಾದ್ದರಿಂದ ಅವನ್ನು ಮೇಲೆ ಸಾಗಿಸಲು ಯಾರದೂ ತಕರಾರಿರಲಿಲ್ಲ. ಪದಗಳ ಬೇರು ಹುಡುಕುವುದು ನನ್ನ ಹಳೆಯ ಚಟ. ಮೊದಲೆಲ್ಲ ಅದನ್ನು ಪ್ರೀತಿಯಿಂದ ಮಾಡುತ್ತಿದ್ದೆ. ಆ ಕೋಣೆಯಲ್ಲಿ ಸಿಟ್ಟಿನಿಂದ ಮಾಡಿದೆ. ನನ್ನ ಮೇಲೆ ಬಳಸಿದ ಒಂದೊಂದು ಮಾತನ್ನೂ ಹಿಡಿದು, ನೀನು ಎಲ್ಲಿಂದ ಬಂದೆ, ನಿನ್ನ ಮನೆತನ ಯಾವುದು ಎಂದು ಜಾಡಿಸಿ ಕೇಳಿದೆ.

ಬಂಧು. ಧಾತು ‘ಬಂಧ್’, ಕಟ್ಟು ಎಂದು ಅರ್ಥ. ಬಂಧನ, ಸಂಬಂಧ, ಬಂಧು, ಎಲ್ಲ ಒಂದೇ ಬಸಿರಿನವು. ಹದಿನೈದು ವರ್ಷ ಇದನ್ನು ಮಕ್ಕಳಿಗೆ ಕಲಿಸಿದ್ದೇನೆ, ಮನುಷ್ಯರನ್ನು ಪ್ರೀತಿ ಕಟ್ಟುತ್ತದೆ ಎಂದು ವಿವರಿಸಿ ಕಣ್ಣು ತುಂಬಿಕೊಂಡೂ ಇದ್ದೇನೆ. ಎಂಥ ದಡ್ಡತನ. ಹಗ್ಗಕ್ಕೂ ದನಕ್ಕೂ ಸಂಬಂಧ ಇದ್ದೇ ಇರುತ್ತದೆ, ದನವನ್ನು ಯಾರೂ ಕೇಳುವುದಿಲ್ಲ ಅಷ್ಟೆ.

ಕಾಳಜಿ. ಮರಾಠಿಯಿಂದ ಬಂದದ್ದು. ಅಲ್ಲಿ ಕಾಳೀಜ ಎಂದರೆ ಎದೆಗುಂಡಿಗೆ. ನನ್ನ ಎದೆಗೆ ರೋಗ ಬಂದಾಗ ನಮ್ಮ ಮನೆಯ ಕಾಳಜಿ ಹೊಸ್ತಿಲಿನಾಚೆ ತಟ್ಟೆಯಿಟ್ಟು ಇಳಿದುಹೋಯಿತು.

ನಿಯಂತ್ರಣ. ಆಸ್ಪತ್ರೆಯವರು ಕೊಟ್ಟ ಕಾರ್ಡಿನ ಮೇಲೆ ಕ್ಷಯರೋಗ ನಿಯಂತ್ರಣ ಎಂದಿತ್ತು. ಧಾತು ‘ಯಮ್’, ತಡೆದು ಹಿಡಿ, ಲಗಾಮು ಎಳೆ. ಕುದುರೆಯ ಲಗಾಮು ಹಿಡಿದ ಸಾರಥಿಗೆ ಯಂತೃ ಎಂಬ ಹೆಸರು. ನಿಯಮ, ಸಂಯಮ ಇದರ ಮಕ್ಕಳು. ಯಮನ ಹೆಸರನ್ನೂ ಇದೇ ಧಾತುವಿಗೆ ತಂದು ಜೋಡಿಸುವವರಿದ್ದಾರೆ. ಅದನ್ನು ಓದಿದಾಗ ಆ ಕೋಣೆಯಲ್ಲಿ ಮೊದಲ ಸಲ ನಕ್ಕೆ. ನಗು ಕೆಮ್ಮಾಯಿತು.

ಇಂಗ್ಲಿಷಿನ ಕಂಟ್ರೋಲ್ ಇನ್ನೂ ವಿಚಿತ್ರ. ಹಳೆಯ ಫ್ರೆಂಚಿನಲ್ಲಿ ಅದು ಎದುರುಪಟ್ಟಿ. ಒಬ್ಬರ ಹತ್ತಿರವಿರುವ ಪಟ್ಟಿ ಸರಿಯಿದೆಯೋ ಇಲ್ಲವೋ ನೋಡಲು ಇನ್ನೊಬ್ಬರು ಇಟ್ಟುಕೊಂಡ ಎರಡನೇ ಪ್ರತಿ. ಗುಳಿಗೆ ಕೇಂದ್ರದಲ್ಲೂ ಹಾಗೆಯೇ. ನನ್ನ ಹತ್ತಿರ ಒಂದು ಕಾರ್ಡು, ಸಿಸ್ಟರ್ ಹತ್ತಿರ ಒಂದು. ಸೋಮವಾರ, ಬುಧವಾರ, ಶುಕ್ರವಾರ ಅವರ ಎದುರು ಕೂತು ಏಳು ಗುಳಿಗೆ ನುಂಗಬೇಕು. ಬಾಯಿ ತೆರೆದು ತೋರಿಸಬೇಕು. ನಾಲಿಗೆ ಎತ್ತಬೇಕು. ಮೂತ್ರ ಕೇಸರಿ ಬಣ್ಣ, ಹೊಟ್ಟೆಯೊಳಗೆ ಬೆಂಕಿ, ಕೀಲುಗಳೆಲ್ಲ ನೋವು. ನಲವತ್ತರ ಹತ್ತಿರದ ಟೀಚರ್ ಒಂದನೇ ಕ್ಲಾಸಿನ ಹುಡುಗಿಯಂತೆ ‘ಆ’ ಅಂದು ಕೂರುವುದು ನನಗೆ ಮೈಯುರಿ ತರುತ್ತಿತ್ತು.

ಆದರೆ ಒಂದು ಮಾತು ಒಪ್ಪಬೇಕು. ಆ ಕಾರ್ಡಿನಲ್ಲಿ ಚೌಕದ ಮನೆಗಳನ್ನು ಹಾಕಿದ್ದರು, ಒಂದೊಂದು ದಿನಕ್ಕೆ ಒಂದೊಂದು ಗುರುತು. ಕೊನೆಯ ಮನೆ ಎಲ್ಲಿದೆಯೆಂದು ಮೊದಲ ದಿನವೇ ಕಾಣುತ್ತಿತ್ತು. ಸಿಸ್ಟರ್ ನನ್ನ ಬಾಯಿ ನೋಡಿ, ಸರಿ ಹೋಗಿಬರ್ರಿ ಎನ್ನುತ್ತಿದ್ದರು. ನನ್ನ ಮನೆಯವರ ನಿಯಂತ್ರಣಕ್ಕೆ ಅಂಥ ಕಾರ್ಡು ಇರಲಿಲ್ಲ. ಪಲ್ಲವಿ ಯಾವಾಗ ಬರುತ್ತಾಳೆ ಎಂದು ಕೇಳಿದರೆ, ನೋಡೋಣ ಎಂಬುದೇ ಉತ್ತರ.

ಅವಳನ್ನು ಆಸ್ಪತ್ರೆಗೆ ತೋರಿಸಿದಿರಾ ಎಂದು ವಾರವಾರವೂ ಕೇಳಿದೆ. ಮೆಟ್ಟಿಲ ಕೆಳಗೆ ನಿಂತು ಗಂಡ ವಾರವಾರವೂ, ನಾಳೆ ಎಂದರು. ಸೀಸನ್ ಜೋರಾಗಿದೆ, ಮಾರುಕಟ್ಟೆಯಲ್ಲಿ ಟೆಂಡರಿನ ದಿನ, ಅಕ್ಕನ ಮನೆಯಲ್ಲಿ ಕಾರ್ಯ. ಐದನೇ ವಾರ ನಾನು ಕಿರುಚಿದ ಮೇಲೆ ಖರೇ ಮಾತು ಹೊರಗೆ ಬಂತು.

"ಹುಡುಗಿ ಹೆಸರು ಟಿಬಿ ರಜಿಸ್ಟರ್‌ನಾಗ ಬರಸಂತೀಯೇನ?" ಎಂದರು. "ನಾಳೆ ಅಕಿನ್ನ ಯಾರು ಮಾಡ್ಕೋತಾರ? ದೂರ ಇಟ್ಟೇವಲ್ಲ, ಅಷ್ಟ ಸಾಕು."

ಮಗಳಿಗೆ ಐದು ವರ್ಷ. ಆಗಲೇ ಅವಳ ಮದುವೆಯ ಚಿಂತೆ. ಅವಳ ಪುಪ್ಪುಸದ ಚಿಂತೆ ಯಾರಿಗೂ ಇರಲಿಲ್ಲ. ಅವತ್ತೇ ಎದ್ದು ಹೋಗಬೇಕಾಗಿತ್ತು. ಹೋಗಲಿಲ್ಲ. ಮೆಟ್ಟಿಲು ಇಳಿದರೆ ಏದುಸಿರು ಬರುತ್ತಿತ್ತು ಎಂಬುದು ನಿಜ. ಕೂಡಿಹಾಕಿದವರ ಭಾಷೆ ನನ್ನ ನಾಲಿಗೆಗೂ ರೂಢಿಯಾಗಿತ್ತು ಎಂಬುದು ಅದಕ್ಕಿಂತ ನಿಜ. ನನ್ನಿಂದಲೇ ಅವಳಿಗೆ ಅಪಾಯ ಎಂದು ನಾನೂ ಹೇಳಿಕೊಳ್ಳುತ್ತಿದ್ದೆ.

ಆರನೇ ವಾರದ ಒಂದು ಸಂಜೆ ಕುಪ್ಪೇಲೂರಿನಿಂದ ಫೋನ್ ಬಂತು. ಕೆಳಗಿನ ಪಡಸಾಲೆಯಲ್ಲಿದ್ದ ರಿಸೀವರನ್ನು ಅತ್ತೆ ಸೆರಗಿನಲ್ಲಿ ಹಿಡಿದು ನನ್ನ ಕೈಗೆ ಕೊಟ್ಟರು. ಪಲ್ಲವಿ, ಅವ್ವಾ, ಅಂದಳು. ಎಮ್ಮೆ ಕರು ಹಾಕಿದ್ದು ಹೇಳತೊಡಗಿದಳು. ನಡುವೆ ನಿಲ್ಲಿಸಿದಳು.

ಕೆಮ್ಮಿದಳು.

ಒಂದು ಸಲವಲ್ಲ. ಆ ಕೆಮ್ಮು ನನಗೆ ಗೊತ್ತು. ಗಂಡನ ಅಕ್ಕ ಫೋನ್ ತೆಗೆದುಕೊಂಡರು. ಏನಿಲ್ಲವಾ, ಘಾಟು, ಖಾರದ ಪುಡಿ ಜರಡಿ ಹಿಡಿಯಾಕತ್ತಿದ್ದೆ ಎಂದರು. ಎಷ್ಟು ದಿನದಿಂದ ಕೆಮ್ಮುತ್ತಿದ್ದಾಳೆ ಎಂದು ಕೇಳಿದೆ. ಹದಿನೈದು ದಿನ ಆಗಿರಬಹುದು ಎಂದರು. ಹದಿನೈದು ದಿನ ಯಾರಾದರೂ ಖಾರದ ಪುಡಿ ಜರಡಿ ಹಿಡಿಯುತ್ತಾರೆಯೇ?

ಮರುದಿನ ಬೆಳಿಗ್ಗೆ ಸೀರೆ ಬದಲಿಸಿ, ಮೂಗುಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಕೆಳಗೆ ಬಂದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಅವನು ಬರುವವರೆಗೂ ನಿಲ್ಲು ಎಂದರು. ಮಂದಿ ನೋಡ್ತಾರ ಎಂದರು. ನಾನು ಮದುವೆಯಾಗಿ ಬಂದ ಮೇಲೆ ಅವರಿಗೆ ಎದುರು ಮಾತಾಡಿದವಳಲ್ಲ.

"ಅತ್ತಿ, ದಾರಿ ಬಿಡ್ರಿ," ಎಂದೆ. "ನನ್ನ ಮೈಗೆ ಮೈ ತಾಗಿದ್ರ ನಿಮಗ ಹೆದರಿಕಿ ಅಲ್ಲೇನು? ನಾ ಹಂಗ ನಡ್ಕೊಂಡು ಬರ್ತೇನಿ. ಸರಿಯೂದು ನಿಮಗ ಬಿಟ್ಟದ್ದು."

ಸರಿದರು. ಆರು ವಾರ ನನ್ನನ್ನು ಒಳಗಿಟ್ಟ ಅವರ ಹೆದರಿಕೆಯೇ ನನ್ನನ್ನು ಹೊರಗೆ ಕಳಿಸಿತು. ಅದರಿಂದ ನನಗೇನೂ ಸಂತೋಷವಾಗಲಿಲ್ಲ.

ರಾಣೆಬೆನ್ನೂರಿನವರೆಗೆ ಒಂದು ಬಸ್ಸು, ಅಲ್ಲಿಂದ ಕುಪ್ಪೇಲೂರಿಗೆ ಇನ್ನೊಂದು. ಕಿಟಕಿಯ ಪಕ್ಕ ಕೂತು ಕಂಬಿಗೆ ತಲೆಯಾನಿಸಿದ್ದೆ. ಗಾಳಿಗೆ ಕಣ್ಣಲ್ಲಿ ನೀರು. ಅಕ್ಕನ ಮನೆಯ ಕಟ್ಟೆಯ ಮೇಲೆ ಪಲ್ಲವಿ ಒಬ್ಬಳೇ ಕೂತು ಹುಣಸೆಬೀಜ ಆಡುತ್ತಿದ್ದಳು. ಸೊರಗಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಓಡಿ ಬರುತ್ತಾಳೆಂದು ನಾನು ಅಲ್ಲೇ ಮಂಡಿಯೂರಿದೆ.

ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಹಿಂದೆ ಸರಿದಳು.

ಯಾರೋ ಕಲಿಸಿದ್ದರು. ಚೆನ್ನಾಗಿ ಕಲಿಸಿದ್ದರು. ರೋಗ ನನ್ನ ದೇಹಕ್ಕೆ ಏನೇನು ಮಾಡಿತೋ ಅದನ್ನೆಲ್ಲ ಮರೆಯಬಲ್ಲೆ, ಈ ಒಂದನ್ನು ನನ್ನಿಂದ ಮರೆಯಲಾಗದು.

ನಾನು ಅಳಲಿಲ್ಲ. ಅವಳನ್ನು ಎತ್ತಿಕೊಂಡೆ, ಅಕ್ಕನ ಮಾತು ಮುಗಿಯುವ ಮೊದಲೇ ರಸ್ತೆಗೆ ಬಂದಿದ್ದೆ. ಹಾವೇರಿಗೆ ಮುಟ್ಟುವವರೆಗೂ ಅವಳು ಬಾಯಿಂದ ಕೈ ತೆಗೆಯಲಿಲ್ಲ. ಆಸ್ಪತ್ರೆಯಲ್ಲಿ ಮುಂಗೈಗೆ ಪರೀಕ್ಷೆಯ ಸಣ್ಣ ಇಂಜೆಕ್ಷನ್ ಕೊಟ್ಟು, ಚುಚ್ಚಿದ ಜಾಗ ಬಾತುಕೊಳ್ಳುತ್ತದೋ ನೋಡಲು ಎರಡು ದಿನ ಬಿಟ್ಟು ಬರಹೇಳಿದರು. ಊರಿಗೆ ಮರಳದೆ ಹಾವೇರಿಯ ಗೆಳತಿಯ ಮನೆಯಲ್ಲಿ ಉಳಿದೆ, ನನ್ನ ಗುಳಿಗೆಯನ್ನು ಆಸ್ಪತ್ರೆಯಲ್ಲೇ ನುಂಗಿದೆ. ಗೆಳತಿಗೆ ರೋಗದ ಹೆಸರು ಹೇಳಿಯೇ ಒಳಗೆ ಹೋಗಿದ್ದೆ. ಅವಳು ಕಿಟಕಿ ತೆರೆದು, ಚಹಾ ಮಾಡಿದಳು. ಮೂರನೇ ದಿನ ಪಲ್ಲವಿಯ ಮುಂಗೈ ಕೆಂಪಗೆ ಬಾತಿತ್ತು. ಎಕ್ಸ್-ರೇಯಲ್ಲಿ ಎದೆಯ ಗಂಟುಗಳು ಕಂಡವು.

"ಆವತ್ತ ಕರ್ಕೊಂಡು ಬಂದಿದ್ರ ಬರೇ ರೋಗ ತಡಿಯೂ ಗುಳಿಗಿಯೊಳಗ ಮುಗೀತಿತ್ತೋ ಏನೋ," ಎಂದಳು ಡಾಕ್ಟರಮ್ಮ. ನಿಂದಿಸುವ ದನಿಯಿರಲಿಲ್ಲ. "ಈಗ ಅಕಿಗೂ ಆರು ತಿಂಗಳು. ಗುಣ ಆಗ್ತದ್ರಿ."

ಆ ಎರಡು ದಿನ ಗೆಳತಿಯ ಮನೆಯಲ್ಲಿ ನನ್ನ ತಲೆಯಲ್ಲಿದ್ದ ಪದ ಒಂದೇ, ಬೀಡು. ಮನೆ, ವಸತಿ ಎಂದು ಅದರ ಅರ್ಥ. ಹುಟ್ಟಿದ್ದು ‘ಬಿಡು’ ಎಂಬ ನಮ್ಮ ಅಚ್ಚಗನ್ನಡದ ಕ್ರಿಯಾಪದದಿಂದ. ದೂರದಿಂದ ಬಂದವರು ನೊಗ ಇಳಿಸಿ ಎತ್ತುಗಳನ್ನು ಬಿಟ್ಟ ಜಾಗ ಬೀಡು, ಬಿಡಾರವೂ ಅಲ್ಲಿಂದಲೇ. ನಮ್ಮ ಹಿರಿಯರಿಗೆ ಮನೆಯೆಂದರೆ ಕೊರಳು ಹಗುರಾಗುವ ಜಾಗ. ನಾವು ಅದಕ್ಕೆ ಬಾಗಿಲು ಇಟ್ಟೆವು, ಚಿಲಕ ಇಟ್ಟೆವು, ಬಾಗಿಲಲ್ಲಿ ಅತ್ತೆಯನ್ನು ನಿಲ್ಲಿಸಿದೆವು, ಆಮೇಲೆ ಅದಕ್ಕೆ ಮರ್ಯಾದೆ ಎಂದು ಹೆಸರಿಟ್ಟೆವು. ಮರ್ಯಾದೆಯ ಮೂಲ ಅರ್ಥವೂ ಗಡಿ, ಎಲ್ಲೆ ಎಂದೇ.

ನಾಲ್ಕನೇ ದಿನ ಬ್ಯಾಡಗಿಗೆ ಮರಳಿದೆ. ನಾನು ಬಿಟ್ಟುಕೊಡಲು ಅದು ಗಂಡ, ಅತ್ತೆ ಇಬ್ಬರದೇ ಮನೆಯೇನಲ್ಲ. ಗೀರಿದ ತಟ್ಟೆಯನ್ನು ಅಡುಗೆಮನೆಯಲ್ಲಿ ಎಲ್ಲ ತಟ್ಟೆಗಳ ಜೊತೆ ತೊಳೆದಿಟ್ಟು ಪಡಸಾಲೆಯಲ್ಲಿ ಹಾಸಿಗೆ ಹಾಸಿದೆ. ಗಂಡ ಬಂದು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದರು. ಬಹಳ ಹೊತ್ತು ಹಿಡಿದೇ ಇದ್ದರು. ಅಕಿ ಒಳ್ಳೇದಕ್ಕ ಮಾಡಿದ್ದೆ ಎಂದರು, ಮುಖ ಸಣ್ಣದಾಗಿತ್ತು. ಗೊತ್ತು ಎಂದೆ. ಗೊತ್ತಿದ್ದರಿಂದಲೇ ಕ್ಷಮಿಸುವುದು ಕಷ್ಟ. ಕೆಟ್ಟದ್ದು ಬಯಸಿದವರ ಜೊತೆ ಜಗಳ ಆಡಬಹುದು. ಮರುದಿನದಿಂದ ಮಗಳನ್ನು ಗುಳಿಗೆಗೆ ಅವರೇ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋದರು, ಒಂದು ದಿನವೂ ತಪ್ಪಿಸಲಿಲ್ಲ. ಅದನ್ನೂ ಬರೆದಿಡಬೇಕು.

ನನ್ನ ಚಿಕಿತ್ಸೆ ಮೊದಲು ಮುಗಿಯಿತು. ಶಾಲೆಗೆ ಹೋದೆ, ಟೈಫಾಯಿಡ್ ಅಲ್ಲ ಟಿಬಿ ಎಂದು ಹೇಳಿಯೇ ಹಾಜರಿ ಹಾಕಿದೆ. ಕೆಲವರು ಕುರ್ಚಿ ಸರಿಸಿದರು. ಪಲ್ಲವಿಯದು ಮುಗಿದದ್ದು ಕಳೆದ ತಿಂಗಳು. ಹಾವೇರಿಯಲ್ಲಿ ಡಾಕ್ಟರಮ್ಮ ಅವಳ ಎದೆ ನೋಡಿ, ಇನ್ನು ಗುಳಿಗೆ ಬೇಡ, ಆರು ತಿಂಗಳು ಬಿಟ್ಟು ತೋರಿಸಿ ಸಾಕು ಎಂದಳು. ನಾನು ಕೈ ಮುಗಿದು ಬಂದೆ.

ಬಸ್ ಸ್ಟ್ಯಾಂಡಿನಲ್ಲಿ ಜನ. ಸಂತೆಯ ದಿನ. ಧೂಳು ಅಂದುಕೊಂಡು ಅವಳ ಮುಖಕ್ಕೆ ನನ್ನ ಸೆರಗು ಸುತ್ತಿದೆ, ಕೆಮ್ಮುತ್ತಿದ್ದ ಮುದುಕರೊಬ್ಬರ ಹತ್ತಿರದಿಂದ ಎಳೆದುಕೊಂಡು ಬಂದೆ, ಐಸ್‌ಕ್ಯಾಂಡಿ ಬೇಡ ಎಂದೆ, ಹತ್ತಿರದಲ್ಲೇ ಆಡುತ್ತಿದ್ದ ಹುಡುಗಿಯೊಬ್ಬಳ ಜೊತೆ ಮಾತಾಡಬೇಡ ಎಂದೆ. ಮಣಿಕಟ್ಟು ಹಿಡಿದೇ ಇದ್ದೆ.

"ಅವ್ವಾ, ನೋಯಾಕತ್ತೇತಿ," ಎಂದಳು ಪಲ್ಲವಿ.

ನೋಡಿದೆ. ಅವಳ ಎಳೆಯ ಮಣಿಕಟ್ಟಿನ ಮೇಲೆ ನನ್ನ ನಾಲ್ಕು ಬೆರಳು ಕೆಂಪಗೆ ಎದ್ದಿದ್ದವು. ಎಂಟು ತಿಂಗಳು ಯಾರ ಮೇಲೆ ಹಲ್ಲು ಕಡಿದೆನೋ ಅವರ ಗುರುತೇ. ಒಳ್ಳೆಯದಕ್ಕೇ ಹಿಡಿದಿದ್ದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ.

ಬೆರಳು ಬಿಡಿಸುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಒಂದೊಂದಾಗಿ ಬಿಡಿಸಿದೆ. ಪಲ್ಲವಿ ಕೈ ಜಾಡಿಸಿಕೊಂಡು ಆ ಹುಡುಗಿಯ ಹತ್ತಿರ ಓಡಿದಳು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ, ಬ್ಯಾಡಗಿಯ ಬಸ್ಸು ಬಂದಾಗ ಮಾತ್ರ ಎದ್ದು ಕರೆದೆ. ಬರುತ್ತೇನೆ ಎಂದಳು. ತಕ್ಷಣ ಬರಲಿಲ್ಲ. ಆಟ ಮುಗಿಸಿ ಬಂದಳು, ನಾವು ಮುಂದಿನ ಬಸ್ಸಿಗೆ ಹೋದೆವು.