ಗಿರಣಿ ಅಕ್ಕನ ಹಲ್ಲಿನ ಕನಸು

ಕಳೆದ ಆಷಾಢದ ಒಂದು ಬೆಳಿಗ್ಗೆ ಅಣ್ಣಿಗೇರಿಯ ನಮ್ಮ ಓಣಿಯ ಹಿಟ್ಟಿನ ಗಿರಣಿ ನಡುವೆಯೇ ನಿಂತಿತು. ಕರೆಂಟು ಹೋಗಿರಲಿಲ್ಲ, ಗಿರಣಿ ಅಕ್ಕನೇ ನಿಲ್ಲಿಸಿದ್ದರು.

ಹಲ್ಲು ಬೀಳುವ ಕನಸು ಅವರಿಗೆ ಆಗಾಗ ಬೀಳುತ್ತಿತ್ತು. ಕೆಳಗಿನ ಹಲ್ಲು ಬಿದ್ದರೆ ಗಂಡನ ಮನೆಯವರಿಗೆ, ಮೇಲಿನದು ಬಿದ್ದರೆ ತವರಿನವರಿಗೆ ಕೇಡು ಎಂದು ನಂಬಿದ್ದರು. ಬೆಳಗಾಗುತ್ತಲೇ ಆ ಕಡೆಯವರಿಗೆಲ್ಲ ಫೋನ್ ಮಾಡಿ, "ಆರಾಮ ಅದೀರಿಲ್ಲ?" ಎಂದಷ್ಟೇ ಕೇಳುತ್ತಿದ್ದರು. ನೆಂಟರು ನಗುತ್ತಿದ್ದರು: "ಯಕ್ಕಾ, ಇವತ್ತ ಯಾವ ಹಲ್ಲ ಬಿತ್ತಬೇ?"

ಅಂದು ಬಿದ್ದದ್ದು ಮೇಲಿನ ಮುಂದಿನ ಹಲ್ಲು. ಅವರ ಲೆಕ್ಕದಲ್ಲಿ ಅದು ತವರಿನ ಹಿರಿಯ, ಕುಂದಗೋಳದ ಅಣ್ಣನ ಹಲ್ಲು. ಅಕ್ಕ ತವರಿನ ಹೊಲದಲ್ಲಿ ಪಾಲು ಕೇಳಿದಾಗಿನಿಂದ ಅಣ್ಣ ಮಾತು ಬಿಟ್ಟಿದ್ದರು, ನಾಗಪಂಚಮಿ ಹಬ್ಬಕ್ಕೆ ತವರಿಗೆ ಕರೆಯುವುದನ್ನೂ ಬಿಟ್ಟಿದ್ದರು. ಅದಕ್ಕೇ ಅಂದು ಬೆಳಗಾಗುತ್ತಲೇ ಫೋನ್ ಮಾಡದೆ ಗಿರಣಿ ಶುರು ಮಾಡಿದ್ದರು, ಆದರೆ ಮನಸ್ಸು ತಡೆಯಲಿಲ್ಲ.

ನಾವು ಜೋಳದ ಡಬ್ಬಿ ಇಟ್ಟುಕೊಂಡು ಕಾಯುತ್ತಿದ್ದೆವು. ಅಕ್ಕ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ, ಸ್ಪೀಕರ್ ಹಾಕಿ ಫೋನ್ ಮಾಡಿದರು.

"ಅಣ್ಣಾ, ಆರಾಮ ಅದಿಯಿಲ್ಲ?"



"ಸತ್ತಿಲ್ಲ ತಗೋ. ನಿನ್ನ ಖರೇ ಹಲ್ಲರ ಗಟ್ಟಿ ಅದಾವಿಲ್ಲ?"

"ಅದಾವ."

"ಹಂಗಾರ ಪಂಚಮಿಗೆ ಶೇಂಗಾ ಉಂಡಿ ತಿನ್ನಾಕ ಬಾ."

ಅಕ್ಕ ಫೋನ್ ಇಟ್ಟು ಮತ್ತೆ ಗಿರಣಿ ಶುರು ಮಾಡಿದರು.

ನಾಗಪಂಚಮಿಯ ಹಿಂದಿನ ದಿನ ಅಣ್ಣ ಬೈಕಿನಲ್ಲಿ ಬಂದು ಅವರನ್ನು ಕರೆದುಕೊಂಡು ಹೋದರು.