ಹಳೇ ಕಾರಿನ ಮೂಗು ಹಗುರ ಮಾಡುವ ತೂಕದಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಷೆಡ್ಡಿನ ತಗಡು ಮುಟ್ಟಿದರೆ ಕೈ ತಾನಾಗಿ ಹಿಂದಕ್ಕೆ ಬರುವಷ್ಟು ಚಳಿ. ನೆಲಕ್ಕೆ ಅಂಟಿಕೊಂಡಂತೆ ಕೂತಿರುವ ಹಳದಿ ಬಣ್ಣದ ಹಳೇ ಸ್ಪೋರ್ಟ್ಸ್ ಕಾರಿನೊಳಗೆ ಸೀಟಿಲ್ಲ, ಕಾರ್ಪೆಟ್ಟಿಲ್ಲ. ಸೀಟು ಇರಬೇಕಾದ ಜಾಗದಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಮಂಡಿಯೂರಿ ಕೂತಿದ್ದಾರೆ. ಕಾರಿನ ನೆಲದ ತಗಡಿಗೆ, ಸದ್ದು ಕೇಳಿಸದಿರಲಿ ಅಂತ ಎಂದೋ ಅಂಟಿಸಿದ ಡಾಂಬರಿನ ದಪ್ಪ ಹಾಳೆಯಿದೆ. ಉಪ್ಪು ಬೆರೆಸಿದ ಐಸನ್ನು ಸೋರದ ಚೀಲದಲ್ಲಿ ತುಂಬಿ ಅದರ ಮೇಲಿಟ್ಟಿದ್ದಾರೆ. ಸ್ವಲ್ಪ ಹೊತ್ತು ಕಾದು, ಚೀಲ ಸರಿಸಿ, ಮರದ ಸುತ್ತಿಗೆಯಿಂದ ಒಂದು ಏಟು. ಟಪ್! ಡಾಂಬರು ಗಾಜಿನಂತೆ ಬಿರಿದು ಚೂರಾಗುತ್ತದೆ, ಕೆಳಗಿನ ಬಣ್ಣಕ್ಕೆ ಒಂದು ಗೀರೂ ಇಲ್ಲ!

"ಬಿಸಿಲೇರಿದ ಮೇಲೆ ಇದು ಬೇಡದ ನೆಂಟನ ಥರ. ಎಷ್ಟು ಎಬ್ಬಿಸಿದ್ರೂ ಏಳಲ್ಲ. ಚಳಿಗೆ ಮಾತ್ರ ಹೆದರುತ್ತೆ. ಅದಕ್ಕೇ ನಾನು ಇಷ್ಟು ಬೇಗ ಏಳೋದು, ಭಕ್ತಿಯಿಂದ ಅಲ್ಲ" ಎಂದು ನಗುತ್ತಾರೆ.

ಇವರೇ ತೂಕದಕ್ಕ. ಇಡೀ ಬೀದಿ ಕರೆಯುವುದು ಹಾಗೆಯೇ. ಇವರ ಕೆಲಸ ಹಳೇ ಸ್ಪೋರ್ಟ್ಸ್ ಕಾರುಗಳ ಮೈ ಇಳಿಸುವುದು. ಅದೂ ಕಡಿಮೆ ಖರ್ಚಿನಲ್ಲಿ, ಒಳಗೆ ಕೂತವರ ಜೀವಕ್ಕೆ ಕುತ್ತು ಬಾರದ ಹಾಗೆ. ಕಾರಿನ ಹುಚ್ಚಿರುವವರು ಇಂಥ ಕೆಲಸಕ್ಕೆ ಕಾರ್ಬನ್ ಬಾನೆಟ್ಟು, ರೇಸಿನ ಸೀಟು ಅಂತ ಮನೆ ಮಾರುವುದನ್ನು ನೋಡಿದ್ದೇನೆ. ಈ ಷೆಡ್ಡಿನಲ್ಲಿ ಅಂಥದ್ದೊಂದೂ ಇಲ್ಲ. ಇರುವುದು ನೆಲಕ್ಕಿಟ್ಟು ಮೂಟೆ ತೂಗುವ ನಾಲ್ಕು ತಕ್ಕಡಿ, ಒಂದಷ್ಟು ಹಲಗೆ, ಗೋಡೆಗೆ ನೇತುಬಿದ್ದ ಸ್ಪ್ಯಾನರುಗಳು, ಮೂಲೆಯಲ್ಲಿ ವೆಲ್ಡಿಂಗ್ ಮಾಡುತ್ತಾ ಹೆಂಡತಿಯನ್ನು ರೇಗಿಸುವ ಯಜಮಾನರು.

"ಕಾರುಗಳನ್ನೆಲ್ಲ ಸಣ್ಣ ಮಾಡ್ತಾಳೆ, ನನ್ನ ಹೊಟ್ಟೆ ಮಾತ್ರ ಕಣ್ಣಿಗೆ ಬೀಳಲ್ಲ" ಅಂತ ಅವರು.

"ರೀ, ನಿಮ್ಮಲ್ಲಿ ಬಿಚ್ಚೋಕೆ ನಟ್ಟೇ ಇಲ್ವಲ್ಲ!" ಅಂತ ಇವರು.

ತೂಕದಕ್ಕ ಮೊದಲು ಇದ್ದದ್ದು ಊರಾಚೆ ಲಾರಿಗಳನ್ನು ತೂಗುವ ವೇಬ್ರಿಡ್ಜಿನಲ್ಲಿ. ಮದುವೆಯಾದ ಹೊಸತರಲ್ಲಿ ಸೇರಿದವರು, ತಲೆಗೂದಲು ಬೆಳ್ಳಗಾಗುವವರೆಗೆ ಅದೇ ಕಿಟಕಿಯ ಹಿಂದೆ ಕೂತರು. ಲಾರಿಯ ಮುಂದಿನ ಚಕ್ರ ಹತ್ತಿದಾಗ ಒಂದು ಅಂಕಿ, ಹಿಂದಿನದು ಹತ್ತಿದಾಗ ಇನ್ನೊಂದು. ಅದೇ ಮೂಟೆಗಳನ್ನು ಒಂದು ಮೊಳ ಹಿಂದಕ್ಕೆ ಸರಿಸಿದರೂ ಮುಂದಿನ ಅಂಕಿ ಕೆಳಗಿಳಿಯುವುದನ್ನು ದಿನವೂ ನೋಡಿದರು. ಒಂದು ದಿನ ಅಲ್ಲಿ ತಾನೇ ತೂಗಿ ತಾನೇ ಚೀಟಿ ಕೊಡುವ ಯಂತ್ರ ಬಂತು. ಕಿಟಕಿ ಮುಚ್ಚಿತು. ಅಲ್ಲಿದ್ದ ಮೂಟೆ ತೂಗುವ ಹಳೇ ತಕ್ಕಡಿಗಳನ್ನು ಗುಜರಿಗೆ ಹಾಕುವಾಗ ಇವರು ನಾಲ್ಕನ್ನು ಮನೆಗೆ ಎತ್ತಿಕೊಂಡು ಬಂದರು. ಯಜಮಾನರ ಷೆಡ್ಡಿಗೆ ಬರುತ್ತಿದ್ದ ಹಳೇ ಕಾರುಗಳನ್ನು, ಸುಮ್ಮನೆ ಕುತೂಹಲಕ್ಕೆ, ಒಂದೊಂದು ಚಕ್ರಕ್ಕೆ ಒಂದೊಂದು ತಕ್ಕಡಿ ಇಟ್ಟು ತೂಗಲು ಶುರು ಮಾಡಿದರು. "ಕಾರಿಗೂ ಡಯಟ್ಟಾ?" ಅಂತ ನಕ್ಕವರೇ ಹೆಚ್ಚು. ಎಷ್ಟೋ ತಿಂಗಳು ಒಂದು ಕಾರೂ ಬರಲಿಲ್ಲ. ಈಗ ಬೆಟ್ಟದ ರಸ್ತೆಯಲ್ಲಿ ಓಡಿಸುವವರು, ಅಜ್ಜನ ಕಾರನ್ನು ಉಳಿಸಿಕೊಂಡವರು ಹುಡುಕಿಕೊಂಡು ಬರುತ್ತಾರೆ. ಮಂಡಿ ನೋವು ಕೂಡ ತಪ್ಪದೆ ಬರುತ್ತದೆ.

ಈ ಹಳದಿ ಕಾರಿನ ಒಡತಿ ಎಪ್ಪತ್ತರ ಈಜು ಟೀಚರು. ಊರಿನ ಅರ್ಧ ಮಕ್ಕಳಿಗೆ ನೀರಿನ ಭಯ ಬಿಡಿಸಿದವರು. ಹೋದ ವರ್ಷ ಅವರ ಭುಜಕ್ಕೆ ಆಪರೇಷನ್ ಆಯಿತು. ಕಾರಿಗೆ ಪವರ್ ಸ್ಟೀರಿಂಗ್ ಇಲ್ಲ. ಮನೆ ಮುಂದೆ ಇಕ್ಕಟ್ಟು ಓಣಿ. ಗೇಟಿನೊಳಗೆ ಹೋಗಬೇಕಾದರೆ ಕಾರನ್ನು ಬಹುತೇಕ ನಿಲ್ಲಿಸಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಬೇಕು. ಭುಜ ಒಪ್ಪುವುದಿಲ್ಲ. ಪವರ್ ಸ್ಟೀರಿಂಗ್ ಕೂರಿಸುವ ಖರ್ಚು ಕೇಳಿ ಟೀಚರು ಆಸೆ ಬಿಟ್ಟರು. ಶನಿವಾರ ಕೊಳ್ಳುವವರು ಬರುತ್ತಾರೆ. ಅಷ್ಟರೊಳಗೆ ತಾವೇ ತಿರುಗಿಸಿ ಗೇಟು ದಾಟಿಸಿದರೆ ಕಾರು ಮನೆಯಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ಮಾರಾಟ.

"ನನ್ನ ಗೇಟೊಳಗೆ ಹೋಗೋಕೆ ನಾನು ಇನ್ನೊಬ್ಬರನ್ನ ಕರೀಬೇಕಾದ್ರೆ ಆ ಕಾರು ನನ್ನದು ಹೇಗಮ್ಮ?" ಎನ್ನುತ್ತಾರೆ ಟೀಚರು.

ಮೊದಲು ಕೈಹಾಕಿದ್ದು ಅವರ ಅಳಿಯ. ಹಣ್ಣಿನಂಗಡಿಯವರು, ಅತ್ತೆ ಮೇಲೆ ಜೀವ. ತೂಕ ಇಳಿದರೆ ಸ್ಟೀರಿಂಗ್ ಹಗುರಾಗುತ್ತದೆ ಅಂತ ಡಿಕ್ಕಿಯಿಂದ ಸ್ಟೆಪ್ನಿ ತೆಗೆದರು, ಜಾಕ್ ತೆಗೆದರು, ಹಿಂದಿನ ಬಂಪರನ್ನೂ ಬಿಚ್ಚಿಟ್ಟರು. ಕಾರು ಹಗುರಾಯಿತು. ಸ್ಟೀರಿಂಗ್ ಮಾತ್ರ ಇನ್ನೂ ಗಟ್ಟಿಯಾಯಿತು!

ಯಾಕೆ ಅಂತ ತೂಕದಕ್ಕ ತೋರಿಸುತ್ತಾರೆ. ಒಂದು ಹಲಗೆಯ ಮುಂದಿನ ತುದಿಯನ್ನು ತಕ್ಕಡಿಯ ಮೇಲಿಡುತ್ತಾರೆ. ಹಿಂದೆ ಇಟ್ಟಿಗೆಯ ಆಸರೆ. ಇಟ್ಟಿಗೆಯಿಂದಾಚೆ ಚಾಚಿದ ತುದಿಯ ಮೇಲೆ ಒಂದು ಕಲ್ಲು. "ಇಟ್ಟಿಗೆ ಅಂದ್ರೆ ಹಿಂದಿನ ಚಕ್ರ. ಕಲ್ಲು ಅಂದ್ರೆ ನಿಮ್ಮ ಸ್ಟೆಪ್ನಿ. ಈಗ ಕಲ್ಲು ತೆಗೀರಿ ಅಳಿಯಂದ್ರೇ." ಅಳಿಯ ತೆಗೆಯುತ್ತಾರೆ. ತಕ್ಕಡಿಯ ಮುಳ್ಳು ಮೇಲಕ್ಕೇರುತ್ತದೆ. ಹಿಂದಿನ ಚಕ್ರದಾಚೆಗಿನ ಭಾರ ಅಷ್ಟು ದಿನ ಕಾರಿನ ಮೂಗನ್ನು ಮೇಲೆತ್ತಿ ಹಿಡಿದಿತ್ತು. ಅದು ಹೋದದ್ದೇ ತಡ, ಮೂಗು ಮುಂದಿನ ಚಕ್ರಗಳ ಮೇಲೆ ಒರಗಿತು.

"ಅಯ್ಯೋ, ನಾನೇ ಅತ್ತೆ ಕೈ ಮುರಿಯೋಕೆ ಹೊರಟಿದ್ದೆ" ಎಂದು ಅಳಿಯ ಹಣೆ ಚಚ್ಚಿಕೊಳ್ಳುತ್ತಾರೆ.

"ಬಿಡಿ, ನಾನು ಮೊದಲನೇ ಕಾರಿಗೆ ಮಾಡಿದ್ದೂ ಇದನ್ನೇ. ಡಿಕ್ಕಿ ಬಿಚ್ಚೋದು ಸುಲಭ ಅಲ್ವಾ, ಎಲ್ಲರ ಕೈ ಮೊದಲು ಅಲ್ಲಿಗೇ ಹೋಗುತ್ತೆ."

ಸ್ಟೆಪ್ನಿ, ಜಾಕ್, ಬಂಪರ್ ಮರಳಿ ಜಾಗಕ್ಕೆ ಬಂದವು. ಆಮೇಲೆ ಬಾನೆಟ್ ತೆರೆದರು. ಇವರ ಮೊದಲ ನಿಯಮ, ಸತ್ತದ್ದನ್ನು ಮೊದಲು ತೆಗೆ. ಟೀಚರ ಕಾರಿನ ಎ.ಸಿ. ಕೆಟ್ಟು ಯುಗವಾಗಿದೆ, ಆದರೆ ಅದರ ಕಂಪ್ರೆಸರು, ಪೈಪು, ಜಾಲರಿ ಎಲ್ಲ ಮೂಗಿನಲ್ಲೇ ಕೂತಿವೆ. "ಇದು ಹೆಣ ಹೊತ್ಕೊಂಡು ತಿರುಗಿದ ಹಾಗೆ." ಉಳಿದ ಗ್ಯಾಸು ಇಳಿಸಲು ಮಾತ್ರ ಎ.ಸಿ. ಮೆಕ್ಯಾನಿಕ್ಕನ್ನೇ ಕರೆಸಿದರು. ಹಿಂದೆ ಯಾರೋ ಚಂದಕ್ಕೆ ಹಾಕಿಸಿದ್ದ ಮಂಜಿನ ದೀಪಗಳು, ಅವುಗಳ ಕಬ್ಬಿಣದ ಚೌಕಟ್ಟು ಹೊರಬಂದವು. ಬ್ಯಾಟರಿ ಡಿಕ್ಕಿಗೆ ಹೋಯಿತು. ಗಟ್ಟಿ ಪೆಟ್ಟಿಗೆಯಲ್ಲಿ ಬಿಗಿದು, ದಪ್ಪ ಕೇಬಲ್ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿ. ಕಂಪ್ರೆಸರನ್ನು ಗುಜರಿಗೆ ಕೊಟ್ಟದ್ದರಲ್ಲೇ ಕೇಬಲ್ಲಿನ ಖರ್ಚು ಹುಟ್ಟಿತು.

"ತೆಗೆಯೋಕೆ ಖರ್ಚಿಲ್ಲ. ಹಾಕೋಕೆ ಹೋದ್ರೇ ಖರ್ಚು. ಅದಕ್ಕೇ ನಾನು ಹಾಕೋಕೆ ಹೋಗಲ್ಲ."

ಅಳಿಯನ ಉತ್ಸಾಹ ಇನ್ನೂ ಇಳಿದಿರಲಿಲ್ಲ. "ಅಕ್ಕಾ, ಬಾಗಿಲೊಳಗೆ ಒಂದು ದಪ್ಪ ಕಬ್ಬಿಣದ ಪೈಪ್ ಇದೆಯಲ್ಲ, ಅದೂ ಸುಮ್ನೆ ಕೂತಿದೆ..."

ತೂಕದಕ್ಕ ಸುತ್ತಿಗೆ ಕೆಳಗಿಟ್ಟರು. "ಪಕ್ಕದಿಂದ ಯಾರಾದ್ರೂ ಬಂದು ಗುದ್ದಿದ್ರೆ ಕೆಲಸ ಮಾಡೋದು ಅದೇ. ಅದನ್ನ ತೆಗೆದ್ರೆ ಆ ಕೆಲಸ ನಿಮ್ಮ ಅತ್ತೆ ಪಕ್ಕೆಲುಬು ಮಾಡ್ಬೇಕಾಗುತ್ತೆ. ಆಗಬಹುದಾ?" ಬಾಗಿಲ ಪೈಪು, ಸೀಟ್ ಬೆಲ್ಟು, ಬಂಪರಿನ ಹಿಂದಿನ ಉಕ್ಕಿನ ಪಟ್ಟಿ, ಎಂಜಿನ್ ಮತ್ತು ಕಾಲುಗಳ ನಡುವಿನ ಶಾಖ ತಡೆಯುವ ಹಾಸು. ಇವುಗಳ ಮೇಲೆ ಈ ಷೆಡ್ಡಿನಲ್ಲಿ ಯಾರೂ ಕೈಯಿಡುವಂತಿಲ್ಲ. ಅದಕ್ಕಾಗಿ ಮುನಿಸಿಕೊಂಡು ಬೇರೆ ಕಡೆ ಹೋದ ಗಿರಾಕಿಗಳಿದ್ದಾರೆ. "ಹೋಗ್ಲಿ. ನಾನು ಕಾರು ಸಣ್ಣ ಮಾಡೋಳು, ಆಯಸ್ಸು ಸಣ್ಣ ಮಾಡೋಳಲ್ಲ."

ಡಾಂಬರೂ ಹೋಗಿ, ಸೀಟುಗಳೂ ಜಾಗಕ್ಕೆ ಬಂದ ಮೇಲೆ ಗುರುವಾರ ಕಾರನ್ನು ತಕ್ಕಡಿಗೆ ಹತ್ತಿಸಿದರು. ಮೂಗಿನ ಮೇಲಿಂದ ಒಬ್ಬ ದಪ್ಪ ಮನುಷ್ಯ ಇಳಿದು ಹೋದಷ್ಟು ಹಗುರ! ಕಾರನ್ನು ನೆಲಕ್ಕಿಳಿಸಿದ ಮೇಲೆ ಟೀಚರು ಕೂತು ಸ್ಟೀರಿಂಗ್ ಹಿಡಿದರು. ಅರ್ಧ ತಿರುಗಿತು. ಅಲ್ಲಿಗೆ ನಿಂತಿತು. ಅವರು ಮುಖ ಕಿವುಚಿದರು, ಕೈ ಜಾರಿ ತೊಡೆಯ ಮೇಲೆ ಬಿತ್ತು.

"ಸಾಕಮ್ಮ. ನೀನು ಮಾಡಬೇಕಾದ್ದು ಮಾಡಿದೆ. ಶನಿವಾರ ಅವರು ಬರಲಿ."

ತೂಕದಕ್ಕ ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ತುಂಬಾ ಹೊತ್ತು ನೋಡುತ್ತಾರೆ. ಆಮೇಲೆ ಅಂಗೈಯಿಂದ ಮುಂದಿನ ಟೈರಿನ ಅಗಲ ಅಳೆಯುತ್ತಾರೆ. "ಟೀಚರ್, ಇದು ಕಾರಿನ ಜೊತೆ ಬಂದ ಚಕ್ರ ಅಲ್ಲ, ಅಲ್ವಾ?"

ಅಲ್ಲ. ಸ್ಪೋರ್ಟ್ಸ್ ಕಾರು ಅಂದರೆ ಹೀಗಿರಬೇಕು ಅಂತ ಯಾರೋ ಹೇಳಿದ್ದಕ್ಕೆ ಟೀಚರು ಎಂದೋ ಹಾಕಿಸಿದ ಅಗಲದ ಚಕ್ರಗಳು. ಅಗಲವಾದ ಟೈರು ನೆಲವನ್ನು ಅಷ್ಟೂ ಅಗಲಕ್ಕೆ ಕಚ್ಚುತ್ತದೆ, ನಿಂತಲ್ಲಿ ತಿರುಗಿಸಲು ಅಷ್ಟೂ ಬಲ ಬೇಕು. ಮೂಲದ ಸಪೂರ ಚಕ್ರಗಳೆಲ್ಲಿ? ಟೀಚರ ಮನೆಯಲ್ಲೇ ಇವೆ. ಎರಡು ಅಟ್ಟದಲ್ಲಿ, ಎರಡು ಮಗಳ ಹೂಕುಂಡಗಳ ಕೆಳಗೆ! ಅಳಿಯ ಹೂಕುಂಡ ಎತ್ತಿಟ್ಟು ಹೆಂಡತಿಯಿಂದ ಬೈಸಿಕೊಂಡು ನಾಲ್ಕನ್ನೂ ತಂದರು. ಯಜಮಾನರು ಒಂದೊಂದನ್ನೂ ತಿರುಗಿಸಿ, ಬಾಗಿಲ್ಲ, ಬಿರುಕಿಲ್ಲ ಅಂತ ನೋಡಿದರು. ಟೈರುಗಳನ್ನು ಮಾತ್ರ ಹೊಸದಾಗಿಯೇ ಕೊಂಡರು. "ಟೈರು, ಬ್ರೇಕು ವಿಷಯದಲ್ಲಿ ಗುಜರಿ ಮುಟ್ಟಲ್ಲ ನಾನು. ಅಲ್ಲಿ ಉಳಿಸಿದ್ದು ಉಳಿತಾಯ ಅಲ್ಲ."

ಶುಕ್ರವಾರ ಖಾಲಿ ಮೈದಾನದಲ್ಲಿ ಯಜಮಾನರು ಮತ್ತೆ ಮತ್ತೆ ಗಟ್ಟಿಯಾಗಿ ಬ್ರೇಕ್ ಹಾಕಿ ನೋಡುತ್ತಾರೆ. ತೂಕ ಹೊಸ ಜಾಗಕ್ಕೆ ಹೋದರೆ ಬ್ರೇಕಿನ ನಡತೆಯೂ ಬದಲಾಗಬಹುದು. ಕಾರು ನೇರವಾಗಿ ನಿಲ್ಲುತ್ತದೆ. ಮೂಗು ಏರಿದ್ದರಿಂದ ಆಕಾಶ ನೋಡುತ್ತಿದ್ದ ಹೆಡ್‌ಲೈಟುಗಳನ್ನು ರಸ್ತೆಗೆ ಇಳಿಸುತ್ತಾರೆ.

ಶನಿವಾರ ಬೆಳಿಗ್ಗೆ ಓಣಿಯಲ್ಲಿ ಮಗಳು, ಅಳಿಯ, ತೂಕದಕ್ಕ, ನಾನು. ಟೀಚರು ಗೇಟಿನ ಎದುರು ಬಂದು ನಿಧಾನಿಸುತ್ತಾರೆ. ಸ್ಟೀರಿಂಗ್ ತಿರುಗುತ್ತದೆ. ಅರ್ಧ ದಾಟುತ್ತದೆ. ಇನ್ನೂ ತಿರುಗುತ್ತದೆ! ಹಳದಿ ಮೂಗು ಗೇಟಿನೊಳಗೆ ನುಸುಳುತ್ತದೆ. ಅಳಿಯ ಚಪ್ಪಾಳೆ ತಟ್ಟುವಷ್ಟರಲ್ಲಿ ಕಾರು ಹಿಂದಕ್ಕೆ ಬಂತು, ಮತ್ತೆ ಒಳಗೆ ಹೋಯಿತು, ಮತ್ತೆ ಹೊರಬಂತು.

"ಅಮ್ಮಾ, ಸಾಕು, ಭುಜ!" ಎಂದು ಮಗಳು ಕೂಗುತ್ತಾಳೆ.

"ಸುಮ್ನಿರೇ, ಭುಜಕ್ಕೆ ಗೊತ್ತೇ ಆಗಿಲ್ಲ!" ಎನ್ನುತ್ತಾ ಟೀಚರು ಓಣಿ ದಾಟಿ, ದೊಡ್ಡ ರಸ್ತೆಗೆ ತಿರುಗಿ, ಕಣ್ಮರೆಯಾಗುತ್ತಾರೆ.

ನಿಮಗೇನು ಆಸೆ ಅಂತ ಆಗ ತೂಕದಕ್ಕನನ್ನು ಕೇಳಿದೆ. ಕೈ ಒರೆಸಿಕೊಳ್ಳುತ್ತಾ ಯೋಚಿಸುತ್ತಾರೆ. "ಇನ್ನೊಂದು ತಿಂಗಳಿಗೆ ಟೀಚರು ನನ್ನ ಮರೀಬೇಕು. ಈ ಕಾರು ಯಾವಾಗ್ಲೂ ಇಷ್ಟೇ ಹಗುರ ಇತ್ತು ಅಂದ್ಕೋಬೇಕು. ಅಷ್ಟಾದ್ರೆ ಕೆಲಸ ಸರಿಯಾಗಿದೆ ಅಂತ."

ಓಣಿಯ ತುದಿಯಲ್ಲಿ ಇಸ್ತ್ರಿ ಮಾಡಿದ ಅಂಗಿಯವರೊಬ್ಬರು ಮನೆ ನಂಬರು ಹುಡುಕುತ್ತಾ ಬರುತ್ತಾರೆ. ಮಗಳೂ ಅಳಿಯನೂ ಮುಖ ಮುಖ ನೋಡಿಕೊಳ್ಳುತ್ತಾರೆ. ಹಳದಿ ಕಾರು ಇರುವ ಮನೆ ಇದೇನಾ, ನೋಡಲು ಬಂದಿದ್ದೇನೆ ಎಂದು ಆತ ಕೇಳುತ್ತಾರೆ.

"ಇದೇ ಮನೆ ಅಣ್ಣ" ಎನ್ನುತ್ತಾರೆ ತೂಕದಕ್ಕ. "ಆದ್ರೆ ಕಾರು ಸಿಗಲ್ಲ. ಓನರು ಓಡಿಸ್ಕೊಂಡು ಹೋಗಿದ್ದಾರೆ."